ಹಿತ್ತಾಳೆ ಬಿಲ್ಲೆ ಹಚ್ಚಿದ ಬ್ಯಾಗು

ನಾನು ಶಾಲೆ ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ. ಆದರೆ ಬೆಳಗಾವಿಯಲ್ಲಿ ವ್ಯಾನಿಟಿ ಬ್ಯಾಗು ಹೊಲಿಯುವವರಲ್ಲಿ ನನ್ನಷ್ಟು ನೆಟ್ಟಗೆ ಹೊಲಿಗೆ ಹಾಕುವವರು ಆಗ ಯಾರೂ ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಹೇಳಲಿರುವ ತಪ್ಪು ಕೈಯಲ್ಲಿ ಕಸುಬಿಲ್ಲದವಳು ಮಾಡಿದ್ದಲ್ಲ ಎಂಬುದು ಮೊದಲೇ ತಿಳಿದಿರಲಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕೋಟೆಯ ಹತ್ತಿರ ಎರಡು ಖೋಲಿಯ ಬಾಡಿಗೆ ಮನೆ. ನಾನು ಮತ್ತು ತಂಗಿ ಇಬ್ಬರೇ. ಅಪ್ಪ ಅವ್ವ ತೀರಿಕೊಂಡ ಮೇಲೆ ನಾನು ಮಿಷನ್ ತುಳಿದು ಅವಳನ್ನು ಮ್ಯಾಟ್ರಿಕ್ ದಾಟಿಸಿ, ಶಿಕ್ಷಕಿಯ ತರಬೇತಿಗೂ ಕಳಿಸಿದ್ದೆ. ಪೇಟೆಯ ಸಾವುಕಾರರೊಬ್ಬರು ರೆಕ್ಸಿನ್, ಝಿಪ್ಪು, ಒಳಗಿನ ಅಸ್ತರಿನ ಬಟ್ಟೆ ಕೊಡುತ್ತಿದ್ದರು. ಜೊತೆಗೆ ಒಂದು ಚಿಕ್ಕ ಪೊಟ್ಟಣ. ಅದರಲ್ಲಿ ಹಿತ್ತಾಳೆಯ ಬಿಲ್ಲೆಗಳು. ಮೇಲೆ ಯಾವುದೋ ಪರದೇಶದ ಕಂಪನಿಯ ಗುರುತು. ಬಿಲ್ಲೆಯ ಹಿಂದೆ ಎರಡು ಕಾಲು. ರೆಕ್ಸಿನ್‌ಗೆ ಎರಡು ತೂತು ಕೊರೆದು, ಕಾಲು ತೂರಿಸಿ, ಒಳಗಡೆ ಮಡಚಿ, ಅಸ್ತರು ಹಾಕಿದರೆ ಮುಗಿಯಿತು. ನಮ್ಮ ಮನೆಯಲ್ಲಿ ಹುಟ್ಟಿದ ಬ್ಯಾಗು ಗೋವಾದಿಂದ ಬಂದ ಫಾರಿನ್ ಮಾಲು ಆಗುತ್ತಿತ್ತು.

ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ನೋಡಿದ್ದೇನೆ. ಹೊಲಿಗೆಯನ್ನು ಯಾರೂ ಮುಟ್ಟಿ ನೋಡುತ್ತಿರಲಿಲ್ಲ. ಎಲ್ಲರ ಹೆಬ್ಬೆರಳು ಮೊದಲು ಹೋಗುತ್ತಿದ್ದುದು ಬಿಲ್ಲೆಗೆ. ಬ್ಯಾಗು ಹೆಗಲಿಗೆ ಹಾಕಿಕೊಂಡ ಮೇಲೆ ಬಿಲ್ಲೆ ಹೊರಗೆ ಕಾಣುವಂತೆ ತಿರುಗಿಸಿಕೊಳ್ಳುತ್ತಿದ್ದರು. ಅವರನ್ನು ಕಂಡು ಮನಸ್ಸಿನಲ್ಲೇ ನಗುತ್ತಿದ್ದೆ. ನಾನೂ ಅವರಂಥವಳೇ ಎಂಬುದು ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಗೊತ್ತಾಯಿತು.

ಹುಡುಗ ಖಾನಾಪುರದ ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಅವನ ತಾಯಿ ಮತ್ತು ಕಾಲೇಜು ಕಲಿಯುವ ತಂಗಿ ಜೊತೆಗೆ ಬಂದಿದ್ದರು. ಬರಿಗೋಡೆಯ ಖೋಲಿ ಅವರ ಕಣ್ಣಿಗೆ ಬೀಳಬಾರದೆಂದು, ಅಂಗಡಿಗೆ ಕೊಡಬೇಕಾದ ಒಂದು ಬ್ಯಾಗನ್ನು ಬಾಗಿಲ ಎದುರಿನ ಗೂಟಕ್ಕೆ ತೂಗುಹಾಕಿದೆ. ಮಿಷನ್ನಿನ ಮೇಲೆ ಚಾದರ ಮುಚ್ಚಿ, ರವಿಕೆ ಹೊಲಿಯುತ್ತೇನೆ ಎಂದು ಹೇಳಿದೆ.

ಹುಡುಗನ ತಂಗಿ ಅವಲಕ್ಕಿ ತಿನ್ನುವುದನ್ನು ಬಿಟ್ಟು ಗೂಟದ ಕಡೆಗೆ ನೋಡಿದಳು. "ಫಾರಿನ್ ಐತೇನ್ರಿ ಅಕ್ಕಾರ?"

"ಹೂಂ, ನಮ್ಮ ತಂಗೀದು. ಗೋವಾದಿಂದ ತರಿಸೀವಿ," ಎಂದೆ.

"ಅಗಬಾಯಿ, ಮಾಸ್ತರಬಾಯಿ ಭಾರೀ ಶೋಕಿ ಅದಾರ ಹಂಗಾರ. ನನಗೂ ಇಂಥಾದ್ದ ಒಂದು ಬೇಕ್ರಿ."

"ಮದುವಿ ಆದ ಮೊದಲನೇ ಪಂಚಮಿಗೆ ಕಳಸ್ತೀನಿ ತಗೋ," ಎಂದೆ, ಗೋವಾದ ಅಂಗಡಿಗಳೆಲ್ಲ ನನ್ನವೇ ಎಂಬಂತೆ.

ಅವರು ಹೋದಮೇಲೆ ತಂಗಿ ತನ್ನ ಹತ್ತಿಯ ಚೀಲವನ್ನು ಅದೇ ಗೂಟಕ್ಕೆ ಹಾಕಿದಳು. "ನಾ ಈ ಚೀಲದಾಗ ಪುಸ್ತಕ ಒಯ್ಯಾಕಿ. ನಾಳೆ ಆ ಮನಿಗೆ ಹೋಗಿ ಇರಾಕಿ ನಾನು. ಯಾಕ ಹಂಗಂದಿ?"

"ಮದುವಿ ಆಗೂ ತನಕ ಸುಮ್ಮನಿರು," ಎಂದೆ.

ಮದುವೆಯಾಯಿತು. ಶ್ರಾವಣದಲ್ಲಿ ಅವಳು ಪಂಚಮಿಗೆ ತವರಿಗೆ ಬಂದಳು. ಅವಳ ನಾದಿನಿಗೆ ಮಾತು ಕೊಟ್ಟಿದ್ದ ಬ್ಯಾಗು ಹೊಲಿಯಲು ಕುಳಿತೆ. ಬ್ಯಾಗಿನ ತಳ ಬಿಗಿಯಾಗಿ ನಿಲ್ಲಬೇಕಾದರೆ ಅಸ್ತರಿನ ಕೆಳಗೆ ರಟ್ಟು ಕೊಡಬೇಕು. ಹೊಸ ರಟ್ಟು ಕೊಳ್ಳುವವರು ಯಾರು? ನಾವೆಲ್ಲ ಹಳೆಯ ಲಗ್ನಪತ್ರಿಕೆಗಳನ್ನು ಕೂಡಿಸಿ, ನಾಲ್ಕೈದು ಒಂದರ ಮೇಲೊಂದು ಇಟ್ಟು, ಮೈದಾ ಅಂಟು ಹಚ್ಚುತ್ತಿದ್ದೆವು. ಆ ವಾರದ ಮಳೆಗೆ ಮೂಲೆಯಲ್ಲಿದ್ದ ಪತ್ರಿಕೆಗಳೆಲ್ಲ ತೊಯ್ದು ಮೆತ್ತಗಾಗಿದ್ದವು. ಕಪಾಟಿನಲ್ಲಿ ತಂಗಿಯ ಮದುವೆಯಲ್ಲಿ ಉಳಿದಿದ್ದ ಪತ್ರಿಕೆಗಳಿದ್ದವು. ದಪ್ಪ ಕಾಗದ, ನಾಲ್ಕೂ ಮೂಲೆಗೆ ಅರಿಸಿನ. ಅವನ್ನೇ ತೆಗೆದು ತಳಕ್ಕೆ ಹಾಕಿದೆ. ಅಸ್ತರಿನ ಕೆಳಗೆ ಇಣುಕಿ ನೋಡುವವರು ಯಾರೂ ಇರುವುದಿಲ್ಲ ಎಂದು ಅಷ್ಟು ನಂಬಿದ್ದೆ. ತಂಗಿ ಅದನ್ನು ಪಂಚಮಿಯ ಉಂಡಿಗಳ ಜೊತೆ ಖಾನಾಪುರಕ್ಕೆ ಒಯ್ದಳು.

ಮರುವರ್ಷ ಮಳೆಗಾಲದಲ್ಲಿ ಅವಳಿಗೆ ಕುಬಸ. ಬಸುರಿ ತಂಗಿಗೆ ಉಡಿಸಲು ಹಸಿರು ಸೀರೆ ತೆಗೆದುಕೊಂಡು ನಾನೂ ಹೋಗಿದ್ದೆ. ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂಡಿದ್ದರು. ನಾದಿನಿ ತನ್ನ ಝುಮಕಿ ಹುಡುಕುತ್ತಿದ್ದಳು. ಅದು ಅಸ್ತರಿನ ಸಣ್ಣ ಹರಕಿನಲ್ಲಿ ಇಳಿದು ಬ್ಯಾಗಿನ ತಳದಲ್ಲಿ ಕೂತಿತ್ತು. ಕತ್ತರಿ ತಂದು ಅಸ್ತರು ಸೀಳಿದಳು. ಝುಮಕಿಯ ಹಿಂದೆಯೇ ತೇವಕ್ಕೆ ಉಬ್ಬಿದ ಪತ್ರಿಕೆಗಳು ಬಂದವು. ಒಂದನ್ನು ಬಿಡಿಸಿ ಓದಿದಳು; ಮೊದಲು ಮನಸ್ಸಿನಲ್ಲಿ, ಆಮೇಲೆ ಎಲ್ಲರಿಗೂ ಕೇಳುವಂತೆ.

"ವೈನಿ, ನಿಮ್ಮ ಮದುವಿಗೆ ಫಾರಿನ್ ಮಂದೀನೂ ಕರದಿದ್ರೇನ?"

ಪಡಸಾಲೆ ನಕ್ಕಿತು. ತಂಗಿಯ ಅತ್ತೆ ನಗಲಿಲ್ಲ. ನನ್ನ ಕಡೆ ತಿರುಗಿ, "ಗೋವಾದ್ದು ಅಂತ ನೀವ ಅಂದಿದ್ರಿ ಅಕ್ಕಾರ," ಎಂದರು.

ಆಗ ನಾನು ಆಡಿದ ಮಾತು ಇದು. "ನನಗೇನ ತಿಳೀತದರಿ, ಸಾಲಿ ಕಲತಾಕಿ ಅಲ್ಲ ನಾನು. ಆಕಿ ಫಾರಿನ್ ಅಂದ್ಳು, ನಾನೂ ಅಂದೆ. ಎಲ್ಲಿ ಮಾಡಿಸಿ ತಂದಾಳೋ ಆಕಿಗೇ ಗೊತ್ತು."

ಶಾಲೆ ಬಿಟ್ಟದ್ದು ಬದುಕಿನಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಅದೊಂದು ಸಲ. ನಾನು ಕಲಿಸಿದ ವಿದ್ಯೆಯನ್ನೇ ಅವಳ ತಲೆಯ ಮೇಲೆ ಹೊರಿಸಿದೆ. ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದ ತಂಗಿ ನನ್ನನ್ನು ಒಮ್ಮೆ ನೋಡಿ, "ಹೌದ್ರಿ, ನಾನ ಮಾಡಿಸಿದ್ದು," ಎಂದಳು.

ಬಾಣಂತನಕ್ಕೆ ನನ್ನ ಮನೆಗೇ ಬಂದಳು. ಐದು ತಿಂಗಳು ಇದ್ದಳು. ಕೂಸಿಗೆ ಎರೆದೆ, ಅವಳಿಗೆ ಅಳವಿಯ ಪಾಯಸ ಮಾಡಿ ಹಾಕಿದೆ. ಬ್ಯಾಗಿನ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತದಿದ್ದುದಕ್ಕೆ ಒಳಗೊಳಗೇ ನೆಮ್ಮದಿಯೂ ಆಯಿತು.

ಕೂಸಿಗೆ ವರ್ಷ ತುಂಬುವ ಹೊತ್ತಿಗೆ ಒಂದು ಮುಂಜಾನೆ ಬಸ್ಸು ಹತ್ತಿ ಖಾನಾಪುರಕ್ಕೆ ಹೋದೆ. ನಾನು ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನ ಮಾತು ಕೇಳಿಸಿತು.

"ಅತ್ತಿಯಾರ, ಕೂಸಿನ ಮೈ ಸುಡಾಕತ್ತೈತ್ರಿ," ಎಂದಳು ತಂಗಿ.

"ಖರೇನೋ ವೈನಿ, ಇಲ್ಲಾ ಒಳಗ ಲಗ್ನಪತ್ರಿಕಿ ಐತೋ?" ಎಂದಳು ನಾದಿನಿ.

ನಾದಿನಿ ಕೆಟ್ಟವಳಲ್ಲ, ಚೇಷ್ಟೆಗೆ ಅಂದದ್ದು. ಆದರೆ ಆ ಚೇಷ್ಟೆ ಆ ಮನೆಯಲ್ಲಿ ದಿನಬಳಕೆಯ ಮಾತಾಗಿತ್ತು ಎಂಬುದು ಅದನ್ನು ಅಂದ ರೀತಿಯಲ್ಲೇ ತಿಳಿಯಿತು. ಅತ್ತೆ ಅಡುಗೆಮನೆಯಿಂದ ಬಂದು, ತಂಗಿಯನ್ನು ಏನೂ ಕೇಳದೆ, ತಾವೇ ಕೂಸಿನ ಹಣೆ, ಹೊಟ್ಟೆ ಮುಟ್ಟಿ ನೋಡಿ, ಆಮೇಲೆ ಹೌದೆಂದರು. ತಂಗಿ ಗೋಡೆ ನೋಡುತ್ತ ನಿಂತಿದ್ದಳು. ಉಪ್ಪಿದೆ ಎಂದರೂ, ಹಾಲು ಒಡೆದಿದೆ ಎಂದರೂ, ಅವಳ ಮಾತನ್ನು ಯಾರಾದರೂ ಮುಟ್ಟಿ ನೋಡಬೇಕಾಗಿತ್ತು.

ನಾನು ಒಳಗೆ ಹೋದೆ. ಗೂಟದಲ್ಲಿ ಆ ಬ್ಯಾಗು ಇನ್ನೂ ಇತ್ತು. ಸೀಳಿದ ಅಸ್ತರನ್ನು ಯಾರೋ ಅಡ್ಡಾದಿಡ್ಡಿ ಹೊಲಿದಿದ್ದರು. ಅದನ್ನು ಇಳಿಸಿ, ಆ ಹೊಲಿಗೆ ಕಿತ್ತು, ಒಳಗಿನಿಂದ ಬಿಲ್ಲೆಯ ಎರಡು ಕಾಲು ಉಗುರಿನಿಂದಲೇ ಎತ್ತಿದೆ. ಬಿಲ್ಲೆ ಅಂಗೈಗೆ ಬಿತ್ತು.

"ಇದನ್ನ ಹಚ್ಚಿದಾಕಿ ನಾನ ರೀ," ಎಂದೆ. "ಬ್ಯಾಗ ಹೊಲದಾಕೀನೂ ನಾನ. ಲಗ್ನಪತ್ರಿಕಿ ಹಾಕಿದಾಕೀನೂ ನಾನ. ನನ್ನ ಕೆಲಸನ ಅದು. ಆಕಿಗಿ ಗುಂಡಿ ಹಚ್ಚಾಕ ಸೈತ ಬರೂದಿಲ್ಲ."

ನಾದಿನಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳು ನಂಬಿದ್ದು ನನ್ನ ಮಾತನ್ನಲ್ಲ, ಬಿಲ್ಲೆ ಬಿಚ್ಚಿದ ವೇಗವನ್ನು.

"ಅವತ್ತ ಯಾಕ ಹೇಳಲಿಲ್ಲ?" ಎಂದರು ಅತ್ತೆ.

"ಅಷ್ಟು ಮಂದಿ ಮುಂದ ಬಡವಿ ಅನಿಸಿಕೊಳ್ಳೂದು ಬ್ಯಾಡಾತು. ಸುಳ್ಳಿ ಅನಿಸಿಕೊಳ್ಳಾಕ ತಂಗೀನ್ನ ಮುಂದ ಮಾಡಿದೆ."

ಅವರು ತಂಗಿಯ ಕಡೆ ತಿರುಗಿದರು. "ನೀ ಯಾಕ ಹೇಳಲಿಲ್ಲ?"

"ಅಕ್ಕನ ತಾನಾಗೇ ಹೇಳಲಿ ಅಂತ ಇದ್ದೆ," ಎಂದಳು ತಂಗಿ. ಐದು ತಿಂಗಳು ನನ್ನ ಮನೆಯಲ್ಲಿ ಸುಮ್ಮನಿದ್ದುದು ಏಕೆಂದು ನನಗೆ ಆಗ ತಿಳಿಯಿತು.

ಅತ್ತೆ ನನಗೆ ಕೂಡ್ರಿ ಅನ್ನಲಿಲ್ಲ. ತಂಗಿಯನ್ನು ಕೇಳಿದರು: "ಮುಂಜಾನಿ ಹಾಲು ಕುಡದೇತೇನು? ಎಷ್ಟೊತ್ತಿನಿಂದ ಐತಿ ಜ್ವರ?"

ತಂಗಿ ಹೇಳಿದಳು. ಅತ್ತೆ ಮತ್ತೆ ಕೂಸಿನ ಹಣೆ ಮುಟ್ಟಲಿಲ್ಲ. "ನಡಿ, ದವಾಖಾನಿಗೆ ಹೋಗೂಣು," ಎಂದು ಸೆರಗು ಹೊದ್ದುಕೊಂಡರು. ಅವರಿಬ್ಬರೂ ಕೂಸನ್ನು ಎತ್ತಿಕೊಂಡು ಹೊರಟ ಮೇಲೆ ನಾನು ಸೂಜಿ ಬೇಡಿ, ಬ್ಯಾಗಿನ ಅಸ್ತರನ್ನು ನೆಟ್ಟಗೆ ಹೊಲಿದು ನಾದಿನಿಗೆ ಕೊಟ್ಟೆ.

ಅದಾದ ಮೇಲೂ ಸಾವುಕಾರರಿಗೆ ಬಿಲ್ಲೆ ಹಚ್ಚಿದ ಬ್ಯಾಗು ಹೊಲಿದುಕೊಟ್ಟಿದ್ದೇನೆ. ಅದನ್ನೂ ಮುಚ್ಚಿಡುವುದಿಲ್ಲ, ನನ್ನ ಅನ್ನ ಅದರಲ್ಲಿತ್ತು. ನಾದಿನಿ ಆ ಬ್ಯಾಗನ್ನು ಎರಡು ತೂತಿನ ಸಮೇತ ಇನ್ನೂ ಕೆಲವು ವರ್ಷ ಬಳಸಿದಳು. ತಂಗಿ ಮಾತ್ರ ನಾನು ಹೊಲಿದ ಒಂದು ಬ್ಯಾಗನ್ನೂ ಈವರೆಗೆ ಹೆಗಲಿಗೆ ಹಾಕಿಲ್ಲ. ಶಾಲೆಗೆ ಅದೇ ಹತ್ತಿಯ ಚೀಲ ಒಯ್ಯುತ್ತಿದ್ದಳು. ಒಮ್ಮೆ ಅದರ ಹಿಡಿ ಕಿತ್ತಾಗ ನನ್ನ ಹತ್ತಿರ ತಂದಳು. ನಾನು ಹೊಲಿದು ಮುಗಿಸುವವರೆಗೂ ಮಿಷನ್ನಿನ ಬಾಜೂಕೇ, ಹೊಲಿಗೆಯನ್ನೇ ನೋಡುತ್ತ ನಿಂತಿದ್ದಳು.