ವಿಜ್ಮಾ ಮೇಡಂ ಹೋಲಿಸಿ ನೋಡಿದ್ದು

ವಾಲ್ಕಾದ ನಮ್ಮ ಶಾಲೆಯಲ್ಲಿ ವಿಜ್ಮಾ ಇಪ್ಪತ್ತೊಂಬತ್ತು ವರ್ಷ ಭೌತಶಾಸ್ತ್ರ ಕಲಿಸಿದಳು. ಅದರಲ್ಲಿ ಹದಿನೆಂಟು ವರ್ಷ ನಾನು ಪಕ್ಕದ ಕೋಣೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಅವಳ ದನಿ ಗೋಡೆ ದಾಟಿ ಬರುತ್ತಿತ್ತು.

ನಮ್ಮೂರಿನ ನಡುವೆ ಒಂದು ಸಣ್ಣ ತೊರೆ. ಈಚೆ ಲಾಟ್ವಿಯಾ, ಆಚೆ ಎಸ್ಟೋನಿಯಾ. ಈಚೆಯ ಅರ್ಧ ಊರು ವಾಲ್ಕಾ, ಆಚೆಯ ಅರ್ಧಕ್ಕೆ ವಾಲ್ಗಾ ಎಂದು ಹೆಸರು. ಗಡಿಯ ಕಾವಲು ಎದ್ದುಹೋದ ಮೇಲೆ, ಹಾಲು ಎಲ್ಲಿ ಅಗ್ಗವೋ ಅಲ್ಲಿಗೆ ಹೋಗುವುದು ಎಲ್ಲರಿಗೂ ರೂಢಿಯಾಗಿತ್ತು.

ಒಂದು ಚಳಿಗಾಲ ವಿಜ್ಮಾಳ ಪ್ರಯೋಗಶಾಲೆಯಲ್ಲಿದ್ದ ಒಂದೇ ಒಂದು ವೋಲ್ಟ್‌ಮೀಟರ್ ಸುಟ್ಟುಹೋಯಿತು. ಹೊಸದು ಕೇಳಿದರೆ ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂತು. ಅವಳು ಆಚೆಯ ಶಾಲೆಗೆ ಹೋಗಿ, ಅಲ್ಲಿನ ಮೇಷ್ಟರ ಹತ್ತಿರ ಇಬ್ಬರಿಗೂ ಬರುತ್ತಿದ್ದ ರಷ್ಯನ್ ಭಾಷೆಯಲ್ಲಿ ಬೇಡಿ, ಒಂದನ್ನು ಎರವಲು ತಂದಳು. ಬಂದವಳ ಮುಖ ಕೆಂಡವಾಗಿತ್ತು.

"ಅಲ್ಲಿ ಇಬ್ಬಿಬ್ಬರಿಗೆ ಒಂದೊಂದು ಮೀಟರ್ ಕಣೇ. ನಡ್ಕೊಂಡು ಹೋದ್ರೆ ಹತ್ತು ನಿಮಿಷ. ಹತ್ತು ನಿಮಿಷಕ್ಕೇ ಮಕ್ಕಳ ಬೆಲೆ ಇಷ್ಟು ಬದಲಾಗತ್ತಾ?"

ಅಂದಿನಿಂದ ಆರು ತಿಂಗಳು ಅವಳಿಗೆ ಅದೇ ಕೆಲಸ. ಎರಡೂ ಸರ್ಕಾರಗಳು ಪ್ರಕಟಿಸಿದ ಖರ್ಚಿನ ಕಾಗದಗಳನ್ನು ಹುಡುಕಿ ತಂದಳು. ಆಚೆಯ ಮೇಷ್ಟರಿಂದ ಎಸ್ಟೋನಿಯನ್ ಸಾಲುಗಳನ್ನು ಓದಿಸಿಕೊಂಡಳು. ಒಂದು ಮಗುವಿಗೆ ಅಲ್ಲಿ ಎಷ್ಟು, ಇಲ್ಲಿ ಎಷ್ಟು. ಮೇಷ್ಟರ ಸಂಬಳ, ಪುಸ್ತಕ, ಪ್ರಯೋಗದ ಸಾಮಾನು ಎಲ್ಲವನ್ನೂ ಅಕ್ಕಪಕ್ಕ ಬರೆದು ರಾಜಧಾನಿ ರೀಗಾದ ಶಿಕ್ಷಣ ಇಲಾಖೆಗೆ ಕಳಿಸಿದಳು.

ಶರತ್ಕಾಲದಲ್ಲಿ ಅಲ್ಲಿಂದ ಒಬ್ಬ ಅಧಿಕಾರಿ ಬಂದ. ಸಭ್ಯ ಮನುಷ್ಯ. ಕಾಫಿ ಕುಡಿದು ಹೇಳಿದ: "ತುಂಬಾ ಶ್ರಮ ಪಟ್ಟಿದೀರಿ ಮೇಡಂ. ಆದ್ರೆ ಪಕ್ಕದ ದೇಶದ ಲೆಕ್ಕ ನಮಗೆ ಹೇಗೆ ಅನ್ವಯಿಸುತ್ತೆ?"

"ಪಕ್ಕದ ದೇಶ ಅಲ್ಲ ಸರ್, ಪಕ್ಕದ ಬೀದಿ."

ಅವನು ನಕ್ಕ. ಅವಳ ಲೆಕ್ಕದ ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಹೋದ.

ಪೋಷಕರೆಲ್ಲ ಒಂದು ಮನವಿಗೆ ಸಹಿ ಹಾಕಿದರೆ ಸರ್ಕಾರ ಕೇಳಲೇಬೇಕು ಎಂದುಕೊಂಡು, ವಿಜ್ಮಾ ಪೋಷಕರ ಸಭೆಯಲ್ಲಿ ಎದ್ದು ನಿಂತಳು. ಒಂದೊಂದು ಸಾಲನ್ನೂ ಓದಿ, ತರಗತಿಯಲ್ಲಿ ಬಿಡಿಸಿ ಹೇಳುವ ಹಾಗೆ ಬಿಡಿಸಿ ಹೇಳಿದಳು. ಅಷ್ಟು ಚೆನ್ನಾಗಿ ಅವಳು ಯಾವ ಪಾಠವನ್ನೂ ಮಾಡಿರಲಿಲ್ಲ. ಕೊನೆಗೆ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುವ ಉಲ್ಡಿಸ್ ಕೈ ಎತ್ತಿದ.

"ಅಂದ್ರೆ ಮೇಡಂ, ಆಚೆ ಕಡೆ ನಮ್ಮ ಮಕ್ಕಳನ್ನ ತಗೋತಾರಾ?"

ಎಲ್ಲರೂ ನಕ್ಕರು. "ನಾನು ಹೇಳಿದ್ದು ಅದಲ್ಲ ಉಲ್ಡಿಸ್, ಮೊದಲು ಸಹಿ ಹಾಕು," ಎಂದಳು ವಿಜ್ಮಾ. ಅವನೂ ಹಾಕಿದ, ಎಲ್ಲರೂ ಹಾಕಿದರು. ಮನವಿ ರೀಗಾಕ್ಕೆ ಹೋಯಿತು, ಉತ್ತರ ಬರಲಿಲ್ಲ.

ಮುಂದಿನ ಸೆಪ್ಟೆಂಬರ್‌ನಲ್ಲಿ ಶಾಲೆ ತೆರೆದಾಗ ಸಣ್ಣ ತರಗತಿಗಳಲ್ಲಿ ಹತ್ತೊಂಬತ್ತು ಮಕ್ಕಳು ಕಡಿಮೆ. ಎಲ್ಲರೂ ತೊರೆಯ ಆಚೆ ಸೇರಿದ್ದರು. ಅವರಲ್ಲಿ ಒಬ್ಬಳು ವಿಜ್ಮಾಳ ಮೊಮ್ಮಗಳು ಮಾದಾರಾ. ವಿಷಯ ತಿಳಿದ ದಿನ ವಿಜ್ಮಾ ತನ್ನ ಮಗ ಐವಾರ್ಸ್‌ನ ಮನೆಗೆ ಹೋದಳು. ನಾನೂ ಜೊತೆಗಿದ್ದೆ.

"ನನಗೆ ಒಂದು ಮಾತೂ ಹೇಳ್ಲಿಲ್ವಲ್ಲೋ!"

"ಲೆಕ್ಕ ತೋರ್ಸಿದ್ದು ನೀನೇ ಅಲ್ವೇನಮ್ಮಾ?"

"ನಾನು ಸರ್ಕಾರಕ್ಕೆ ತೋರ್ಸಿದ್ದು ಕಣೋ."

"ಸರ್ಕಾರ ನೋಡ್ಲಿಲ್ಲ. ನಾವು ನೋಡಿದ್ವಿ."



ಆ ವರ್ಷದ ಕೊನೆಗೆ ಆದೇಶ ಬಂತು. ಶಾಲೆಯ ಒಟ್ಟು ಮಕ್ಕಳ ಸಂಖ್ಯೆ ಸಾಲದ್ದರಿಂದ ಮೇಲಿನ ತರಗತಿಗಳನ್ನು ಬೇರೆ ಊರಿನ ಶಾಲೆಗೆ ಸೇರಿಸಲಾಗಿದೆ ಎಂದು ಎರಡೇ ಸಾಲು. ಕೆಳಗಿದ್ದ ಸಹಿ ಕಾಫಿ ಕುಡಿದು ಹೋದ ಅದೇ ಸಭ್ಯ ಮನುಷ್ಯನದು. ನಾನು ಊರಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದೆ. ವಿಜ್ಮಾ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಆ ಬೇರೆ ಊರಿಗೆ ಓಡಾಡಿ, ಎರಡು ಚಳಿಗಾಲ ಕಳೆದ ಮೇಲೆ ಕೆಲಸ ಬಿಟ್ಟುಬಿಟ್ಟಳು. ಅಂಗಡಿಯಲ್ಲಿ ಈಗಲೂ ಮಕ್ಕಳನ್ನು ಆಚೆ ಸೇರಿಸಿದ ತಾಯಂದಿರು ಅವಳನ್ನು ತಡೆದು ನಿಲ್ಲಿಸುತ್ತಾರೆ. "ನಿಮ್ಮಿಂದ ನಮ್ಮ ಕಣ್ಣು ತೆರೀತು ಮೇಡಂ," ಎಂದು ಮನಸಾರೆ ಹೇಳುತ್ತಾರೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಕಳೆದ ಭಾನುವಾರ ಅವಳ ಮನೆಗೆ ಊಟಕ್ಕೆ ಹೋಗಿದ್ದೆ. ಹದಿಮೂರರ ಮಾದಾರಾ ಮೇಜಿನ ಮೇಲೆ ಪುಸ್ತಕ ಹರಡಿ ಕೂತಿದ್ದಳು. ಪುಟದಲ್ಲಿ ಒಂದು ಸನ್ನೆಗೋಲಿನ ಚಿತ್ರ, ಕೆಳಗೆ ನಾಲ್ಕು ಸಾಲು ಎಸ್ಟೋನಿಯನ್. ವಿಜ್ಮಾ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು.

"ಏನು ಕೇಳಿದಾರೆ ಪುಟ್ಟಿ?"

"ಬಿಡಜ್ಜಿ, ನಿಂಗೆ ಅರ್ಥ ಆಗಲ್ಲ."

ಅರ್ಧ ಊರಿಗೆ ಸನ್ನೆಗೋಲು ಕಲಿಸಿದವಳು ಒಲೆಯ ಕಡೆ ತಿರುಗಿ, ಆಗಲೇ ಬೆಂದಿದ್ದ ಬಟಾಣಿಯನ್ನು ಸುಮ್ಮನೆ ಕಲಕತೊಡಗಿದಳು.