ಹತ್ತು ಮೇಕೆ, ಮೂರು ಕೊಟ್ಟಿಗೆ

ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಕತ್ತರಿ ಆಡತೊಡಗಿದರೆ ಗಣಿತವೇ ಬಂದು ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿತ್ತಂತೆ. ಅಂಗಡಿಯವನ ಹೆಸರು ಎಲ್ಲರ ಬಾಯಲ್ಲೂ ಒಗಟು ಮಾವ. ಕುರ್ಚಿಯ ಎರಡು ಕೈಗಳ ಮೇಲೆ ಹಲಗೆಯಿಟ್ಟು, ಮಗುವನ್ನು ಕೂರಿಸಿ, ಕುತ್ತಿಗೆಗೆ ಬಟ್ಟೆ ಸುತ್ತಿ, ಕಿವಿಯ ಹತ್ತಿರ ಬಗ್ಗುತ್ತಿದ್ದ.

"ಏಳು ಕಾಗೆ, ಮೂರು ಕೊಂಬೆ. ಎಲ್ಲ ಕೊಂಬೇಲೂ ಸಮಸಮ ಕೂರ್ಬೇಕು, ಒಂದೂ ಹಾರ್ಬಾರ್ದು. ಹೇಗೆ ಹೇಳು ಪುಟ್ಟಾ?"

ಬೀದಿಯುದ್ದಕ್ಕೂ ಅರಚಿಕೊಂಡು ಬಂದ ಮಗು ಕಲ್ಲಾಗಿಬಿಡುತ್ತಿತ್ತು.

ಇದನ್ನು ಕಂಡು ಬೀದಿಗೆ ಬೀದಿಯೇ ಮರುಳಾಯಿತು. ಅಲ್ಲಿ ಕೂದಲು ಕತ್ತರಿಸಿದರೆ ಬುದ್ಧಿ ಚಿಗುರುತ್ತದೆಂದು ತಾಯಂದಿರು ನಂಬಿದರು. ಪರೀಕ್ಷೆ ಹತ್ತಿರ ಬಂದರೆ ಬೋಳು ತಲೆಯ ಮಕ್ಕಳನ್ನೂ ಎಳೆದು ತಂದರು. ಶಾಲೆಯ ಗಣಿತದ ಮೇಷ್ಟ್ರಂತೂ ಎಲ್ಲರಿಗಿಂತ ಒಂದು ಕೈ ಮೇಲು. ಹದಿಮೂರರ ಮಗ್ಗಿಯಾಚೆ ಅವರಿಗೆ ಕತ್ತಲೆ, ಗಾಂಭೀರ್ಯಕ್ಕೆ ಮಾತ್ರ ಬರವಿಲ್ಲ. ಮಾವನ ಒಗಟಿಗೆ ತಮಗೇ ಉತ್ತರ ಹೊಳೆಯದ್ದರಿಂದ ಆತ ಮಹಾಪಂಡಿತನೇ ಇರಬೇಕೆಂದು ತೀರ್ಮಾನಿಸಿ, ಶಾಲೆಯ ಒಗಟಿನ ಸ್ಪರ್ಧೆಗೆ ಅವನನ್ನೇ ತೀರ್ಪುಗಾರನಾಗಿ ಕರೆದರು.

ಕೊನೆಯ ಸುತ್ತಿಗೆ ಉಳಿದವರು ಔಷಧಿ ಅಂಗಡಿಯವರ ಮಗ, ದರ್ಜಿಯ ಮಗಳು. ಗೆದ್ದವರಿಗೆ ದೊಡ್ಡ ಶಾಲೆಯಲ್ಲಿ ಪುಕ್ಕಟೆ ಓದು. ಹುಡುಗನಿಗೆ ಅದು ಇದ್ದರೂ ಸೈ, ಇಲ್ಲದಿದ್ದರೂ ಸೈ. ಹುಡುಗಿಗೆ ತಪ್ಪಿದರೆ ಮಾರನೆಯ ದಿನದಿಂದಲೇ ಅಪ್ಪನ ಅಂಗಡಿಯಲ್ಲಿ ಗುಂಡಿ ಹೊಲಿಯುವ ಕೆಲಸ.

ಮಾವ ವೇದಿಕೆ ಹತ್ತಿ ಗಂಟಲು ಸರಿಮಾಡಿಕೊಂಡ. "ಹತ್ತು ಮೇಕೆ, ಮೂರು ಕೊಟ್ಟಿಗೆ. ಎಲ್ಲವನ್ನೂ ಕಟ್ಬೇಕು, ಒಂದೊಂದು ಕೊಟ್ಟಿಗೇಲೂ ಬೆಸ ಸಂಖ್ಯೆ ಇರ್ಬೇಕು. ಹೇಗೆ?"

"ಒಂದು ಮೇಕೆ ಗಬ್ಬ ಸರ್!" ಹುಡುಗ ಕೂಗಿದ. "ಹೊಟ್ಟೇಲಿರೋ ಮರಿ ಸೇರಿದ್ರೆ ಹನ್ನೊಂದು!"

"ಭೇಷ್! ಇದಪ್ಪಾ ಯೋಚನೆ ಅಂದ್ರೆ!" ಮೇಷ್ಟ್ರು ತೊಡೆ ತಟ್ಟಿದರು.

ಹುಡುಗಿ ಎದ್ದು ನಿಂತಳು. "ಆಗೋದೇ ಇಲ್ಲ ಸರ್. ಮೂರು ಬೆಸ ಕೂಡಿದ್ರೆ ಬೆಸಾನೇ ಬರುತ್ತೆ, ಹತ್ತು ಎಲ್ಲಿಂದ ಬರುತ್ತೆ?"

"ಆಗಲ್ವಂತೆ!" ಮೇಷ್ಟ್ರು ಹುಬ್ಬೇರಿಸಿದರು. "ಗೊತ್ತಿಲ್ಲ ಅಂದ್ಬಿಡಮ್ಮ, ನಾಚಿಕೆ ಯಾಕೆ? ಇಂಥವರ ಒಗಟಿಗೆ ಉತ್ತರ ಇಲ್ದೆ ಇರುತ್ತಾ?"

ಸಭೆ ಗೊಳ್ಳೆಂದು ನಕ್ಕಿತು. ಹುಡುಗಿಯ ಕಣ್ಣು ತುಂಬಿತು, ಆದರೆ ಕೂರಲಿಲ್ಲ. "ಮಾವನ್ನೇ ಕೇಳಿ ಸರ್."

ಮೇಷ್ಟ್ರು ಹುಡುಗನ ಭುಜದ ಮೇಲೆ ಕೈಯಿಟ್ಟುಕೊಂಡೇ, ಆಕಾಶವಾಣಿಗೆ ಕಾಯುವವರಂತೆ ತಲೆಬಾಗಿದರು. "ತಾವೇ ಅಪ್ಪಣೆ ಕೊಡಿಸಬೇಕು. ಸರಿಯುತ್ತರ ಯಾವುದು?"

ಮಾವ ತಲೆ ಕೆರೆದುಕೊಂಡ.

"ಆ ಮಗು ಹೇಳಿದ್ದೇ ಸರಿ ಇರ್ಬೇಕು ಮೇಷ್ಟ್ರೇ. ನನ್ನ ಯಾವ ಒಗಟಿಗೂ ಉತ್ತರ ಇಲ್ಲ. ಉತ್ತರ ಸಿಕ್ಕಿದ್ರೆ ಮಕ್ಕಳು ತಲೆ ಅಲ್ಲಾಡಿಸ್ತಾವೆ, ಕಿವಿಗೆ ಕತ್ತರಿ ತಗಲುತ್ತೆ."