ಡಾಕ್ಟರು ಹೇಳಿದ ಇನ್ನರ್ಧ

ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ ಮೇಲೆ ಹೇರೋಹಳ್ಳಿಯಿಂದ ಅಮ್ಮನನ್ನು ಕರೆತಂದು ಬಾಡಿಗೆ ಮನೆ ಮಾಡಿದ್ದೆ. ಇದ್ದದ್ದು ನಾವಿಬ್ಬರೇ. ಬೆಳಿಗ್ಗೆ ಸೈರನ್ ಕೂಗುವ ಮುಂಚೆ ನಾನು ಗೇಟಿನೊಳಗಿರಬೇಕು, ನನ್ನ ಬುತ್ತಿಯಲ್ಲಿ ಮುದ್ದೆ ಇರಬೇಕು. ಕ್ಯಾಂಟೀನಿನ ಅನ್ನ ನನಗೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಅಮ್ಮನಿಗೆ ತಲೆಸುತ್ತು ಶುರುವಾಯಿತು. ಚಾಪೆಯಿಂದ ಎದ್ದು ಕೂತರೆ ಸಾಕು, ಗೋಡೆ ತಿರುಗುತ್ತದೆ ಎಂದು ಕಣ್ಣು ಮುಚ್ಚಿಕೊಳ್ಳುವಳು. ಪಿತ್ತವೆಂದು ಜೀರಿಗೆ ಕಷಾಯ ಕುಡಿದಳು, ನಿಂಬೆಹಣ್ಣು ಮೂಸಿದಳು. ಒಂದು ವಾರ ನೋಡಿ, ಜಟಕಾದಲ್ಲಿ ಮಾಗಡಿ ರಸ್ತೆಯ ಡಾಕ್ಟರ ಬಳಿಗೆ ಕರೆದೊಯ್ದೆ. ಅವರು ಕಿವಿ, ಕಣ್ಣು ನೋಡಿ ಪುಟ್ಟ ಮಾತ್ರೆಗಳನ್ನು ಕೊಟ್ಟರು. ಅಮ್ಮ ಹೊರಗೆ ಹೋದ ಮೇಲೆ ನನ್ನನ್ನು ನಿಲ್ಲಿಸಿ, "ನೆಗಡಿಗೆ, ತುರಿಕೆಗೆ ಕೊಡೋ ಜಾತಿಯ ಮಾತ್ರೇನೇ ಇದು. ಸುತ್ತು ತಡೆಯುತ್ತೆ, ಆದ್ರೆ ನಿದ್ದೆ ತರುತ್ತೆ. ನುಂಗಿದ್ಮೇಲೆ ಒಲೆ, ಬಾವಿ ಹತ್ರ ಬಿಡಬೇಡಿ. ಸುತ್ತು ಜಾಸ್ತಿ ಆಯ್ತು ಅಂತ ಎರಡೆರಡು ಕೊಡಬೇಡಿ. ನಾಲ್ಕು ದಿನ ಬಿಟ್ಟು ಬಂದು ತೋರಿಸಿ," ಎಂದರು.

ಅಮ್ಮನಿಗೆ ನಾನು ದಾಟಿಸಿದ್ದು ಅರ್ಧ ಮಾತ್ರ. "ಸುತ್ತು ನಿಲ್ಲುತ್ತಂತೆ, ದಿನಕ್ಕೊಂದು ನುಂಗು." ಒಲೆಯ ಮಾತು ಹೇಳಿದರೆ ಮುದ್ದೆ ಯಾರು ತೊಳಸಬೇಕು? ನಾನೇ ತೊಳಸಬಹುದು ಎಂಬುದು ಹೊಳೆಯಲೇ ಇಲ್ಲ. ಹೊಳೆದಿದ್ದರೂ ಮಾಡುತ್ತಿರಲಿಲ್ಲ. ಆ ವಯಸ್ಸಿನ ನನ್ನನ್ನು ನಾನು ಚೆನ್ನಾಗಿ ಬಲ್ಲೆ.

ಪುಣ್ಯಕ್ಕೆ ಅಮ್ಮನಿಗೊಂದು ಕಟ್ಟಳೆಯಿತ್ತು. ಸ್ನಾನ ಮಾಡಿ, ಅಡಿಗೆ ಇಳಿಸಿ, ದೀಪ ಹಚ್ಚಿ ದೇವರಿಗೆ ಎಡೆ ಇಡುವ ತನಕ ಬಾಯಿಗೆ ಏನನ್ನೂ ಹಾಕುತ್ತಿರಲಿಲ್ಲ. ಮಾತ್ರೆಯನ್ನೂ ಒಲೆ ಆರಿದ ಮೇಲೆಯೇ ನುಂಗಿ ಮಲಗುತ್ತಿದ್ದಳು. ಆದರೆ ಸುತ್ತು ಜೋರಾಗುತ್ತಿದ್ದುದು ಬೆಳಗ್ಗೆ ಎದ್ದ ಕೂಡಲೇ. ಮೂರನೆಯ ದಿನ ಅವಳು ಗೋಡೆ ಹಿಡಿದು ಒಲೆಯ ಹತ್ತಿರ ಹೋಗುವುದನ್ನು ನೋಡಲಾರದೆ ರೇಗಿದೆ.

"ನಿನ್ ದೇವ್ರಿಗೆ ಮಾತ್ರೆ ಕಂಡ್ರೆ ಆಗಲ್ವಾ? ಈಗ್ಲೇ ನುಂಗಮ್ಮ!"

"ಇನ್ನೂ ದೀಪ ಹಚ್ಚಿಲ್ವಲ್ಲೋ," ಎಂದಳು. ನುಂಗಿದಳು.

ಅರ್ಧ ಗಂಟೆಯಲ್ಲಿ ಸುತ್ತು ನಿಂತಿತು. ನಾನು ಅಂಗಳದಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದೆ. ಒಳಗಿನಿಂದ ಅಮ್ಮ ಕಿರುಚಿದಳು. ಮಡಕೆ ಇಳಿಸಿ, ಅದು ಅಲುಗದಂತೆ ಕವೆಗೋಲನ್ನು ಕಾಲಲ್ಲಿ ಮೆಟ್ಟಿಕೊಂಡು ತೊಳಸುತ್ತಿದ್ದವಳು ತೂಕಡಿಸಿ ಮುಂದಕ್ಕೆ ಬಿದ್ದಿದ್ದಳು. ಬಲಗೈ ಕುದಿಯುವ ಹಿಟ್ಟಿನೊಳಗೆ ಹೋಗಿತ್ತು. ಹಿಟ್ಟು ನೀರಿನಂತಲ್ಲ, ಮೆತ್ತಿಕೊಂಡರೆ ಬಿಡುವುದಿಲ್ಲ. ಬಿಡಿಸಹೋದರೆ ಚರ್ಮವೂ ಬಂತು. ಏನು ಮಾಡಬೇಕೆಂದು ತಿಳಿಯದೆ ಕೊಡದಿಂದ ನೀರು ಹೊಯ್ಯುತ್ತಲೇ ಇದ್ದೆ. ಸೈರನ್ ಕೂಗಿತು.

ಗಾಯ ಮಾಗಿತು, ಬೆರಳುಗಳು ಮಾತ್ರ ಮಡಚಲು ಬಾರದಾದವು. "ದೀಪ ಹಚ್ಚೋಕೆ ಮುಂಚೆ ನುಂಗಿದ್ನಲ್ಲ, ಅದಕ್ಕೇ ಕಣೋ," ಎಂದು ಅಮ್ಮ ದೇವರಿಗೆ ತಪ್ಪುಕಾಣಿಕೆ ಕಟ್ಟಿದಳು. ಹಾಗೆ ನಿದ್ದೆ ಬಂದದ್ದೂ ದೇವರ ಕೋಪವೇ ಅವಳಿಗೆ. ಮಾತ್ರೆ ಇನ್ನು ಮುಟ್ಟುವುದಿಲ್ಲ ಎಂದಳು. ಸುತ್ತು ಮತ್ತೆ ಬಂತು. ಅವಳು ಕಣ್ಣು ಮುಚ್ಚಿ ಕೂತಿರುವಾಗ ನಿಜ ಹೇಳಿಬಿಡೋಣವೆಂದು ಹತ್ತಿರ ಹೋಗುತ್ತಿದ್ದೆ. "ನೀರು ಬೇಕಾ?" ಎಂದು ಕೇಳಿ ಹಿಂದಿರುಗುತ್ತಿದ್ದೆ. ಅಂಥ ಹೇಡಿ ನಾನು.

ಒಂದು ಸಂಜೆ ಪಕ್ಕದ ಮನೆಯಾಕೆ ಅದೇ ಮಾತ್ರೆ ಹಿಡಿದು ಬಾಗಿಲಿಗೆ ಬಂದರು. ಅವರಿಗೂ ಸುತ್ತು, ಅದೇ ಡಾಕ್ಟರು. "ನಿಮ್ಮಮ್ಮನ ಕೈ ನೋಡಿ ಭಯ ಆಗುತ್ತಪ್ಪ. ನುಂಗ್ಲಾ, ಬೇಡ್ವಾ?"

ಇನ್ನೊಬ್ಬರ ಕೈ ಸುಡುವುದು ಬೇಡವೆನಿಸಿತು. ಒಂದಕ್ಷರ ಬಿಡದೆ ಹೇಳಿದೆ. "ಡಾಕ್ಟ್ರು ಹೇಳಿದಂಗೆ ನುಂಗಿ, ಸುತ್ತು ನಿಲ್ಲುತ್ತೆ. ಆದ್ರೆ ನಿದ್ದೆ ಬರುತ್ತೆ. ಆಮೇಲೆ ಒಲೆ, ಬಾವಿ ಕಡೆ ಹೋಗ್ಬೇಡಿ. ಜಾಸ್ತಿ ಆಯ್ತು ಅಂತ ಎರಡು ನುಂಗ್ಬೇಡಿ."

ಅವರು ಹೋದರು. ತಿರುಗಿದರೆ ಅಮ್ಮ ಗೋಡೆ ಹಿಡಿದು ಹಿಂದೆಯೇ ನಿಂತಿದ್ದಳು.

"ಇದನ್ನೆಲ್ಲ ಡಾಕ್ಟ್ರು ಯಾವಾಗ ಹೇಳಿದ್ರೋ?"

"ಅವತ್ತೇ."

ಅಮ್ಮ ತನ್ನ ಬಲಗೈಯನ್ನು ನೋಡಿಕೊಂಡಳು. ಆಮೇಲೆ, "ನಂಗೊಂದು ಮಾತು ಹೇಳಿದ್ರೆ ರಾತ್ರೀನೇ ಮುದ್ದೆ ಕಟ್ಟಿ ಇಡ್ತಿದ್ನಲ್ಲೋ," ಎಂದಳು.